ಸಿದ್ರಾಮನ ಹೆಬ್ಬೆಟ್ಟು

ಸಿದ್ರಾಮ ಊರಿನಿಂದ ಬಂದ ಮರುದಿನ ಬೆಳಿಗ್ಗೆ ಏಳೂವರೆಗೆ, ಮುಂಬಯಿ ಪಕ್ಕದ ತುರ್ಭೆಯ ಗೋದಾಮಿನ ಗೇಟಿನ ಎದುರು, ಹಮಾಲರ ಇಡೀ ಟೋಳಿ ನೋಡುತ್ತಿದ್ದಂತೆ ತನ್ನ ಹೆಂಡತಿಯ ತಮ್ಮನ ಕಪಾಳಕ್ಕೆ ಬಾರಿಸಿದ. ಐವತ್ತು ಕಿಲೋ ಚೀಲವನ್ನು ದಿನಕ್ಕೆ ಇನ್ನೂರು ಸಲ ಎತ್ತುವ ಕೈ ಅದು. ಅಂಬಾದಾಸನ ಕೆಳತುಟಿ ಹಲ್ಲಿಗೆ ಸಿಕ್ಕು ಸೀಳಿತು. ಅವನು ಗೇಟಿನ ಸರಳು ಹಿಡಿದು ನಿಂತ, ಬಾಯಿ ತುಂಬಿದ ರಕ್ತವನ್ನು ಪಕ್ಕಕ್ಕೆ ಉಗುಳಿದ. ಆ ಏಟಿನಲ್ಲಿ ಅರ್ಧ ನ್ಯಾಯದ್ದೇ ಎಂದು ಅವನಿಗೆ ಗೊತ್ತಿತ್ತು. ಉಳಿದರ್ಧ ಒಳಗೆ ಆಫೀಸಿನ ಮೇಜಿನ ಮೇಲೆ ಕೂತಿದ್ದ ಕಂಪ್ಯೂಟರಿಗೆ ಬೀಳಬೇಕಾಗಿತ್ತು. ಅದಕ್ಕೆ ಕಪಾಳ ಎಲ್ಲಿಂದ ತರುವುದು? ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದರಂತೆ. ಈ ಕಥೆಯಲ್ಲಿ ಬರೆಗಳೆಲ್ಲ ಎಮ್ಮೆಗೇ ಬೀಳುತ್ತವೆ, ಮೊದಲೇ ಹೇಳಿಬಿಡುತ್ತೇನೆ.

ಮೇಸ್ತ್ರಿ ಮುದುಕ ಮಾನಪ್ಪ ಮುಕಾದಮನ ಟೋಳಿಯಲ್ಲಿ ಹದಿನಾಲ್ಕು ಹೆಸರುಗಳಿದ್ದವು. ಎಲ್ಲರೂ ಜೇವರ್ಗಿ, ಶಹಾಪುರದ ಕಡೆಯವರು. ದಿವಾ, ಘಣಸೋಲಿಯ ಸಣ್ಣ ಸಣ್ಣ ಖೋಲಿಗಳಲ್ಲಿ ಸಂಸಾರ, ತುರ್ಭೆಯ ಗೋದಾಮಿನಲ್ಲಿ ದುಡಿಮೆ. ದಿನ ಬೆಳಗಾದರೆ ಮಾನಪ್ಪ ಗೇಟಿನ ಎದುರು ನಿಂತು ಹೆಸರು ಕರೆಯುತ್ತಿದ್ದ. ಕರೆದ ಹೆಸರಿಗೆ ಒಬ್ಬ 'ಹೂಂ' ಎನ್ನುತ್ತಿದ್ದ, ತಲೆಯ ಮೇಲೆ ಸಿಂಬಿ ಇಟ್ಟುಕೊಂಡು ಒಳಗೆ ಹೋಗುತ್ತಿದ್ದ. ಕಾಗದವಿಲ್ಲ, ಸಹಿಯಿಲ್ಲ. ಇದ್ದದ್ದು ಒಂದೇ ಕಟ್ಟಳೆ: ಹೆಸರು ಯಾವತ್ತೂ ಖಾಲಿ ಇರಬಾರದು.

ಅಂದರೆ ಹೀಗೆ. ಒಬ್ಬ ಮದುವೆಗೋ ಸಾವಿಗೋ ಊರಿಗೆ ಹೋದನೆಂದರೆ ಅವನ ಜಾಗದಲ್ಲಿ ಅವನ ಕಡೆಯ ಇನ್ನೊಬ್ಬ ನಿಲ್ಲಬೇಕು. ಅವನನ್ನು ಬದಲಿ ಎನ್ನುತ್ತಿದ್ದರು. ಬದಲಿಯವನು ಹೋದವನ ಹೆಸರಿಗೇ 'ಹೂಂ' ಎನ್ನಬೇಕು. "ಹೆಸರ ಖಾಲಿ ಬಿಟ್ರ ಜಾಗಾ ಸಾಯ್ತದ" ಎಂದು ಮಾನಪ್ಪ ಹೇಳುತ್ತಿದ್ದ, ಅವನಪ್ಪನೂ ಇದೇ ಬಜಾರಿನಲ್ಲಿ ಹಾಗೇ ಹೇಳುತ್ತಿದ್ದನಂತೆ. ಗುರುವಪ್ಪನ ಕಾಲು ಮುರಿದಾಗ ವರ್ಷಪೂರ್ತಿ ಇನ್ನೊಬ್ಬ ಗುರುವಪ್ಪನಾಗಿದ್ದ. ಒಂದು ಮಳೆಗಾಲದಲ್ಲಂತೂ ಹದಿನಾಲ್ಕು ಜನರಲ್ಲಿ ಐದು ಜನ ಅವರಲ್ಲವೇ ಅಲ್ಲ. ಚೀಲಗಳೇನು ದೂರು ಕೊಟ್ಟವೇ? ಗಾಡಿ ತುಂಬಿತು, ಒಂದರ ಮೇಲೊಂದು ಥಪ್ಪಿ ಏರಿತು, ಯಾರ ಜಾಗವೂ ಹೋಗಲಿಲ್ಲ.

ಅಂಬಾದಾಸ ಹತ್ತೊಂಬತ್ತರ ವಯಸ್ಸಿನಲ್ಲಿ ಅಕ್ಕ ದಾನಮ್ಮನ ಮನೆಗೆಂದು ಘಣಸೋಲಿಗೆ ಬಂದವನು. ಬಂದು ಆರು ವರ್ಷವಾಗಿತ್ತು. ಟೋಳಿಯಲ್ಲಿ ಅವನಿಗೆ ಸ್ವಂತದ ಜಾಗವಿರಲಿಲ್ಲ. ಆರು ವರ್ಷದಲ್ಲಿ ಅವನು ಗುರುವಪ್ಪನಾಗಿದ್ದ, ಮೂರು ಸಲ ಹಣಮಂತ್ರಾಯನಾಗಿದ್ದ, ಯಾರ್ಯಾರೋ ಆಗಿದ್ದ. ಅಂಬಾದಾಸನಾಗಿ ಒಂದು ಚೀಲವನ್ನೂ ಎತ್ತಿರಲಿಲ್ಲ. ಯಾರಾದರೂ ಸತ್ತರೆ ಇಲ್ಲವೇ ಬಿಟ್ಟುಹೋದರೆ ತನ್ನ ಹೆಸರು ಸೇರುತ್ತದೆ ಎಂದು ಕಾಯುತ್ತಿದ್ದ. ಆದರೆ ಜೇವರ್ಗಿಯ ಮಂದಿ ಸುಲಭಕ್ಕೆ ಸಾಯುವವರೂ ಅಲ್ಲ, ಬಿಡುವವರೂ ಅಲ್ಲ.

ಚೈತ್ರದಲ್ಲಿ ಸಿದ್ರಾಮನ ತಾಯಿಗೆ ಲಕ್ವಾ ಹೊಡೆಯಿತು. ಸಿದ್ರಾಮ ಊರಿಗೆ ಹೊರಟ. ಹೊರಡುವಾಗ ಸ್ಟೇಷನ್ನಿನಲ್ಲಿ ಅಂಬಾದಾಸನ ಹೆಗಲ ಮೇಲೆ ಕೈ ಹಾಕಿ ಹೇಳಿದ ಮಾತು ಇದು: "ನನ್ನ ಹೆಸರ ಖಾಲಿ ಬಿಡಬ್ಯಾಡ ನೋಡಪಾ ಅಂಬ್ಯಾ. ನೀ ಇದ್ದೀ ಅಂತ ಹೊಂಟೀನಿ." ಅಂಬಾದಾಸ, "ಹೋಗಿ ಬಾ ಮಾಮಾ, ನಾ ಇದ್ದೀನಿ" ಎಂದ. ಇದನ್ನು ನೆನಪಿಡಿ, ಯಾಕೆಂದರೆ ಮುಂದೆ ಸಿದ್ರಾಮ ಇದನ್ನು ಮರೆತ.

ಮುದುಕಿ ಸಾಯಲು ಎರಡು ತಿಂಗಳು ತೆಗೆದುಕೊಂಡಳು. ಆ ಎರಡು ತಿಂಗಳಲ್ಲಿ ಗೋದಾಮಿನ ಗುತ್ತಿಗೆ ಹಿಡಿದ ಠೇಕೇದಾರ ಬದಲಾದ. ಹೊಸ ಠೇಕೇದಾರನ ಜೊತೆ ಹೊಸ ಕಂಪ್ಯೂಟರ್ ಬಂತು, ಅದರ ಬಾಲಕ್ಕೆ ಹೆಬ್ಬೆಟ್ಟು ಒತ್ತುವ ಒಂದು ಪುಟ್ಟ ಪೆಟ್ಟಿಗೆ, ನೆತ್ತಿಗೆ ಒಂದು ಕ್ಯಾಮೆರಾ. ಅದನ್ನು ನಡೆಸಲು ಡೊಂಬಿವಲಿಯಿಂದ ಯಶ್ವಂತ್ ಬರುತ್ತಿದ್ದ. ಅವನ ಮನೆಯವರು ಉಡುಪಿ ಕಡೆಯವರು. ಅವನ ಅಪ್ಪ ಠಾಣೆಯ ಕೋರ್ಟಿನ ಹೊರಗೆ ಛತ್ರಿಯಡಿ ಟೈಪ್‌ರೈಟರ್ ಇಟ್ಟುಕೊಂಡು ಅಫಿಡವಿಟ್ ಬಡಿದು ಮಗನನ್ನು ಓದಿಸಿದವರು, ಎದುರಿನ ಅಂಗಡಿಗೆ ಕಂಪ್ಯೂಟರ್ ಬಂದ ವರ್ಷವೇ ಛತ್ರಿ ಮಡಚಿ ಮನೆಗೆ ಹೋದವರು. ಯಶ್ವಂತನಿಗೆ ಕನ್ನಡ ಅರ್ಥವಾಗುತ್ತಿತ್ತು, ಉತ್ತರ ಮಾತ್ರ ಹಿಂದಿಯಲ್ಲಿ. ಕೆಟ್ಟ ಹುಡುಗನಲ್ಲ. ಮನುಷ್ಯರ ಮುಖ ನೋಡುವ ರೂಢಿಯಿರಲಿಲ್ಲ, ಅಷ್ಟೇ. ಸ್ಕ್ರೀನ್ ನೋಡುತ್ತಿದ್ದ.

ಹೆಬ್ಬೆಟ್ಟು ತೆಗೆದುಕೊಳ್ಳುವ ದಿನ ಮಾನಪ್ಪ ಹದಿನಾಲ್ಕು ಆಧಾರ್ ಕಾರ್ಡಿನ ಝೆರಾಕ್ಸ್ ಹಿಡಿದು ನಿಂತಿದ್ದ. ಝೆರಾಕ್ಸಿನ ಝೆರಾಕ್ಸ್. ಅದರಲ್ಲಿ ಎಲ್ಲರ ಮುಖವೂ ಒಂದೇ, ಕರಿ ಮಸಿಯಲ್ಲಿ ಎರಡು ಬಿಳಿ ಕಣ್ಣು. ಯಶ್ವಂತ್ "ಸಿದ್ರಾಮ್" ಎಂದು ಕರೆದ. ಮಾನಪ್ಪ ಅಂಬಾದಾಸನ ಬೆನ್ನಿಗೆ ಕೈ ಕೊಟ್ಟು ಮುಂದಕ್ಕೆ ತಳ್ಳಿ, "ಹೋಗಪಾ, ಹಚ್ಚು" ಎಂದ. ಅವನ ಮನಸ್ಸಿನಲ್ಲಿ ಏನೂ ಕಪಟವಿರಲಿಲ್ಲ. ಹೆಸರು ಕರೆದಿದ್ದಾರೆ, ಹೆಸರು ಖಾಲಿ ಬಿಡಬಾರದು, ಬದಲಿಯವನು ಹೋಗಬೇಕು. 'ಹೂಂ' ಎನ್ನುವ ಬದಲು ಹೆಬ್ಬೆಟ್ಟು ಒತ್ತುವುದು ಎಂದು ಹದಿನಾಲ್ಕು ಜನರೂ ತಿಳಿದರು. 'ಹೂಂ' ಗಾಳಿಯಲ್ಲಿ ಹೋಗುತ್ತದೆ, ಹೆಬ್ಬೆಟ್ಟು ಹೋಗುವುದಿಲ್ಲ ಎಂದು ಆ ಮಂದಿಗೆ ಹೇಳುವವರು ಯಾರು? ಅಂಬಾದಾಸ ಒತ್ತಿದ. ಹಸಿರು ದೀಪ ಹತ್ತಿತು. ಪೆಟ್ಟಿಗೆಯೊಳಗಿನ ಹೆಣ್ಣು ದನಿ, "ಧನ್ಯವಾದ್, ಸಿದ್ರಾಮ್" ಎಂದಿತು.

ಸುಳ್ಳು ಯಾಕೆ ಹೇಳಬೇಕು, ಅಂಬಾದಾಸನಿಗೆ ಖುಷಿಯಾಯಿತು. ಸಣ್ಣಗೆ ನಕ್ಕ, ಅದೇ ಹೊತ್ತಿಗೆ ಕ್ಯಾಮೆರಾ ಅವನ ಫೋಟೋ ತೆಗೆಯಿತು. ಆರು ವರ್ಷದಲ್ಲಿ ಅವನಿಗೆ ಧನ್ಯವಾದ ಎಂದು ಯಾರೂ ಅಂದಿರಲಿಲ್ಲ. ದಿನವೂ ಬೆಳಿಗ್ಗೆ ಒತ್ತುವಾಗ ಅವನ ಮುಖದಲ್ಲಿ ಸಣ್ಣ ನಗು ಮೂಡುತ್ತಿತ್ತು. ಹದಿನೈದು ದಿನವಾಗುವಷ್ಟರಲ್ಲಿ ಇದು ಎಡವಟ್ಟಿನ ಕೆಲಸವೆಂದು ಅವನಿಗೆ ಹೊಳೆಯಿತು. ಆದರೂ ಊರಿನಿಂದ ಮಾಮ ಫೋನ್ ಮಾಡಿದಾಗಲೆಲ್ಲ "ಎಲ್ಲಾ ಬರೋಬರಿ ಅದ" ಎಂದನೇ ಹೊರತು ಹೆಬ್ಬೆಟ್ಟಿನ ಸುದ್ದಿ ಎತ್ತಲಿಲ್ಲ. ಅವನ ತಪ್ಪು ಇದ್ದರೆ ಅದು ಇದೊಂದೇ.

ಹಾಗಾಗಿ ಆ ಬೆಳಿಗ್ಗೆ ತಲೆ ಬೋಳಿಸಿಕೊಂಡಿದ್ದ ಸಿದ್ರಾಮ ಪೆಟ್ಟಿಗೆಗೆ ಬೆರಳಿಟ್ಟಾಗ ಕೆಂಪು ದೀಪ ಹತ್ತಿತು. ಮತ್ತೆ ಇಟ್ಟ, ಮತ್ತೆ ಕೆಂಪು. ಅಂಗಿಗೆ ಬೆರಳು ಒರೆಸಿ ಮೂರನೇ ಸಲ ಇಟ್ಟ. ಯಶ್ವಂತ್ ಸ್ಕ್ರೀನಿನಿಂದ ಕಣ್ಣೆತ್ತದೆ, "ಯೇ ಸಿದ್ರಾಮ್ ನಹೀ ಹೈ. ಕೌನ್ ಹೈ ಯೇ?" ಎಂದ. ಮಾನಪ್ಪ ಗಾಬರಿಯಲ್ಲಿ, ಊರಿಂದ ಬಂದ ಹೊಸ ಆಳು ಸಾಹೇಬ್, ತಪ್ಪಿ ಬೆರಳಿಟ್ಟ ಎಂದು ಸುಳ್ಳು ಹೇಳಿ ಸಿದ್ರಾಮನನ್ನು ಹೊರಗೆಳೆದು ತಂದ. ಆಗ ಬಿದ್ದದ್ದೇ ಆ ಏಟು.

"ಹನ್ನೆರಡು ವರ್ಷ ಈ ಬೆನ್ನ ಮ್ಯಾಲ ಹೊತ್ತೀನಿ" ಎಂದ ಸಿದ್ರಾಮ, ದನಿ ಏರಿಸದೆ. "ಅವ್ವನ ಮಣ್ಣ ಮಾಡಿ ಬರೂದ್ರಾಗ ನನ್ನ ಹೆಸರ ನುಂಗಿ ಕುಂತೀಯಲ್ಲೋ ಹಲ್ಕಟ್."

ಮಾನಪ್ಪ ಇಬ್ಬರನ್ನೂ ಹಿಡಿದು ನಿಲ್ಲಿಸಿ ತಾನೇ ಮ್ಯಾನೇಜರನ ಹತ್ತಿರ ಹೋದ. ಸೀದಾ ಕೇಳುವ ಧೈರ್ಯವಾಗದೆ, ಬೇರೆ ಟೋಳಿಯಲ್ಲಿ ಹೀಗಾಗಿದೆಯಂತೆ ಎಂದು ಸುತ್ತಿ ಬಳಸಿ ಕೇಳಿದ. ಮ್ಯಾನೇಜರ್ ನಗುತ್ತಲೇ ಉತ್ತರ ಕೊಟ್ಟ. ಒಂದು ಹೆಸರಿಗೆ ಇಬ್ಬರು ಎಂದರೆ ಫ್ರಾಡ್, ಆ ಟೋಳಿಯನ್ನೇ ಹೊರಗೆ ಹಾಕುತ್ತೇವೆ, ಹೊರಗೆ ಇನ್ನೂ ನಾಲ್ಕು ಟೋಳಿ ಕಾಯುತ್ತಿವೆ ಎಂದ. ಮಾನಪ್ಪ ಬಾಯಿಗೆ ಬೀಗ ಹಾಕಿಕೊಂಡು ಹೊರಬಂದ. ಹದಿಮೂರು ಮನೆಯ ಒಲೆ ಒಂದು ಕಡೆ, ಸಿದ್ರಾಮನ ಹೆಸರು ಇನ್ನೊಂದು ಕಡೆ. ಅವನು ಹದಿಮೂರನ್ನು ಆರಿಸಿದ, ತಪ್ಪೆನ್ನಲು ನನಗೆ ನಾಲಿಗೆ ಬರುವುದಿಲ್ಲ.

"ಹೆಬ್ಬೆಟ್ಟ ಅಂಬಾದಾಸಂದು, ಮೈ ನಿಂದು" ಎಂದು ಅವನು ತೀರ್ಮಾನ ಕೊಟ್ಟ. "ಅಂವ ಹಚ್ಚಿ ಹೊರಗ ಬರ್ತಾನ, ನೀ ಒಳಗ ಹೋಗು. ಗೇಟಿನಾಂವ ತಲಿ ಎಣಿಸ್ತಾನ, ಮಾರಿ ನೋಡಂಗಿಲ್ಲ."

ಹಾಗೆ ಶುರುವಾಯಿತು. ಬೆಳಿಗ್ಗೆ ಒಂದು ಸಲ, ಮಧ್ಯಾಹ್ನ ಊಟದ ಹೊತ್ತಿಗೆ ಒಂದು ಸಲ, ಸಂಜೆ ಬಿಡುವಾಗ ಒಂದು ಸಲ ಹೆಬ್ಬೆಟ್ಟು. ಒತ್ತುವುದು ಅಂಬಾದಾಸ, ಚೀಲ ಹೊರುವುದು ಸಿದ್ರಾಮ. ನಡುವಿನ ಹೊತ್ತೆಲ್ಲ ಅಂಬಾದಾಸ ಗೇಟಿನ ಎದುರಿನ ಪಂಕ್ಚರ್ ಅಂಗಡಿಯ ಹಳೆ ಟಯರಿನ ಮೇಲೆ ಕೂತಿರಬೇಕು. ಬೇರೆ ಯಾರ ಬದಲಿಗೂ ಹೋಗುವ ಹಾಗಿಲ್ಲ, ಯಾಕೆಂದರೆ ಈಗ ಎಲ್ಲರ ಹೆಸರೂ ಅವರವರ ಬೆರಳಿಗೇ ಅಂಟಿದೆ, ಬದಲಿ ನಡೆಯುವುದಿಲ್ಲ. ಆರು ವರ್ಷ ಎಲ್ಲರ ಹೆಸರಿನಲ್ಲಿ ದುಡಿದವನು ಈಗ ಒಂದು ಬೆರಳಾಗಿ ಕೂತ. ಮಧ್ಯಾಹ್ನ ಗೇಟಿಗೆ ಬರುವ ಸಿದ್ರಾಮ ಮೈಯೆಲ್ಲ ಸಕ್ಕರೆ ಧೂಳು ಮೆತ್ತಿಕೊಂಡು, "ಬಾ ಲೇ ಹೆಬ್ಬೆಟ್ಟ" ಎಂದು ಕರೆಯುತ್ತಿದ್ದ. ಟೋಳಿಯವರು ಮೊದಮೊದಲು ನಕ್ಕರು, ಆಮೇಲೆ ಅವರೂ ಹಾಗೇ ಕರೆದರು.

ಘಣಸೋಲಿಯ ಹಳೇ ಗಾವ್‌ಠಾಣದ ಹತ್ತು ಅಡಿ ಖೋಲಿಯಲ್ಲಿ ಮೂವರೂ ಇರಬೇಕಲ್ಲ. ಅಲ್ಲಿ ಶುರುವಾದದ್ದು ಹೇಳಿದರೆ ಮುಗಿಯುವುದಿಲ್ಲ. ಬೆರಳಿಡುವಾಗ ಅಂಬಾದಾಸ ನಗುತ್ತಿದ್ದ ಎಂದು ಯಾರೋ ಪುಣ್ಯಾತ್ಮ ಸಿದ್ರಾಮನಿಗೆ ಹೇಳಿದ್ದ. ಒಂದು ಸಂಜೆ ಊಟಕ್ಕೆ ಕೂತಾಗ ಸಿದ್ರಾಮ, "ನಗು, ನಗು ನೋಡೂಣು" ಎಂದು ಅವನ ಕುತ್ತಿಗೆ ಹಿಡಿದು ಮುಖವನ್ನು ಬಿಸಿ ಬೇಳೆಯ ತಾಟಿಗೆ ಒತ್ತಿದ. ಅಂಬಾದಾಸ ಎದ್ದವನೇ ಅದೇ ತಾಟಿನಿಂದ ಮಾಮನ ಬೋಳು ತಲೆಗೆ ಹೊಡೆದ. ತಾಟಿನ ಅಂಚು ಹುಬ್ಬು ಕೊಯ್ದಿತು. ಇಬ್ಬರೂ ನೆಲಕ್ಕೆ ಬಿದ್ದು, ರೊಟ್ಟಿಯ ಮೇಲೆ, ಬೇಳೆಯ ಮೇಲೆ ಹೊರಳಿ ಹೊಡೆದಾಡಿದರು. ಸಿದ್ರಾಮ ಅವನ ಕೈ ತಿರುಚಿ ಹೆಬ್ಬೆಟ್ಟನ್ನು ಹಲ್ಲಿನ ನಡುವೆ ಹಿಡಿದ. ಉಗುರಿನ ಬುಡದಿಂದ ರಕ್ತ ಬಂತು. ಆಗ ದಾನಮ್ಮ ಲಟ್ಟಣಿಗೆ ತೆಗೆದುಕೊಂಡು ಗಂಡನ ಬೆನ್ನಿಗೆ ಎರಡು, ತಮ್ಮನ ಭುಜಕ್ಕೆ ಎರಡು ಬಿಟ್ಟಳು. ಅವಳ ಕೈಯೇನು ಹಗುರವಲ್ಲ, ಅವಳೂ ಇಟ್ಟಿಗೆ ಹೊತ್ತವಳು.

"ಒಬ್ಬಾಂವ ಹೆಸರ ತಗೊಂಡಾನ, ಒಬ್ಬಾಂವ ಮೈ ತಗೊಂಡಾನ" ಎಂದಳು ಏದುಸಿರು ಬಿಡುತ್ತ. "ನನಗ ಇಡೀ ಮನಷಾ ಒಬ್ಬಾಂವ ಬೇಕ್ರೋ. ಇಲ್ಲಂದ್ರ ಇಬ್ಬರೂ ಹೊರಗ ನಡೀರಿ."

ಆಮೇಲೆ ಅವಳೇ ತಮ್ಮನ ಬೆರಳಿಗೆ ಅರಿಶಿನ ಮೆತ್ತಿ ಬಟ್ಟೆ ಕಟ್ಟಿದಳು. ಕಟ್ಟುವಾಗ ಅವಳಿಗೆ ಇನ್ನೊಂದು ಭಯ ಬಂತು. ಗಾಯವಾದ ಬೆರಳನ್ನು ಆ ಪೆಟ್ಟಿಗೆ ಗುರುತಿಸದಿದ್ದರೆ ನಾಳೆ ಒಲೆ ಹತ್ತುವುದಿಲ್ಲ. ಸಿದ್ರಾಮನಿಗೂ ಅದೇ ಭಯ. ಕಚ್ಚಿದವನೇ ಬೆಳಿಗ್ಗೆ ಎದ್ದು, ಬಟ್ಟೆ ಬಿಚ್ಚಿ, ಬೆಚ್ಚನೆ ನೀರಿನಲ್ಲಿ ಆ ಬೆರಳನ್ನು ತೊಳೆದು ಒರೆಸಿದ. ಒರೆಸುವಾಗ ಅಂಬಾದಾಸನ ಕಣ್ಣು ನೋಡಲಿಲ್ಲ. ಗೋದಾಮಿನಲ್ಲಿ ಹಸಿರು ದೀಪ ಹತ್ತಿತು, ಅವತ್ತು ಒಲೆಯೂ ಹತ್ತಿತು.

ಏಳು ವಾರ ಹೀಗೆ ಕಳೆಯಿತು. ಎಂಟನೇ ವಾರದ ಒಂದು ದಿನ ಅಂಬಾದಾಸನಿಗೆ ಪಂಕ್ಚರ್ ಅಂಗಡಿಯವನು, ರಬಾಳೆಯ ಒಂದು ಫ್ಯಾಕ್ಟರಿಯಲ್ಲಿ ಲೋಡಿಂಗಿಗೆ ಜನ ಬೇಕಂತೆ ಎಂದ. ಬೆಳಗಿನ ಹೆಬ್ಬೆಟ್ಟಿಗೂ ಮಧ್ಯಾಹ್ನದ್ದಕ್ಕೂ ನಡುವೆ ಐದು ತಾಸು ಇದೆ, ಲೋಕಲ್ ಹತ್ತಿದರೆ ರಬಾಳೆ ಎಷ್ಟು ದೂರ? ತನ್ನ ಸ್ವಂತ ಆಧಾರ್ ಕಾರ್ಡನ್ನು ಕಿಸೆಯಲ್ಲಿಟ್ಟುಕೊಂಡು ಹೊರಟ. ಫ್ಯಾಕ್ಟರಿಯ ಆಫೀಸಿನ ಹುಡುಗಿ ಅವನ ಕಾರ್ಡು ನೋಡಿ, ಅಂಬಾದಾಸ್ ಎಂದು ಟೈಪ್ ಮಾಡಿದಳು. ಮುಂಬಯಿಗೆ ಬಂದ ಮೇಲೆ ಅವನ ಹೆಸರನ್ನು ಯಾರೋ ಬರೆದದ್ದು ಅದೇ ಮೊದಲು. ಬೆರಳಿಡಿ ಎಂದಳು, ಇಟ್ಟ.

ಅಲ್ಲಿಯೂ ಅದೇ ಠೇಕೇದಾರನ ಕಂಪ್ಯೂಟರ್. ಅದೇ ಹೆಣ್ಣು ದನಿ, "ಧನ್ಯವಾದ್, ಸಿದ್ರಾಮ್" ಎಂದಿತು. ಹುಡುಗಿ ಸ್ಕ್ರೀನ್ ನೋಡಿ, ಕಾರ್ಡು ನೋಡಿ, ನೀನು ತುರ್ಭೆಯಲ್ಲಿ ಕೆಲಸದಲ್ಲಿದ್ದೀಯ, ಯಾರದೋ ಕಾರ್ಡು ತಂದು ಇಲ್ಲೇಕೆ ನಿಂತಿದ್ದೀಯ ಎಂದು ಗದರಿದಳು. ಅಂಬಾದಾಸ ಕಾರ್ಡು ಕಿತ್ತುಕೊಂಡು ಹೊರಬಂದ. ರಸ್ತೆಯಲ್ಲಿ ನಿಂತು ಬೆರಳು ನೋಡಿಕೊಂಡ. ಅವನಿಗೆ ಅಳು ಬಂತು, ಅಳುತ್ತಲೇ ಸ್ಟೇಷನ್ನಿಗೆ ನಡೆದ.

ಇತ್ತ ತುರ್ಭೆಯಲ್ಲಿ ಆ ದಿನವೇ ಹೊಸ ಆಟ ಶುರುವಾಗಿತ್ತು. ಇನ್ನು ಮೇಲೆ ಕಂಪ್ಯೂಟರೇ ಹೊತ್ತುಗೊತ್ತಿಲ್ಲದೆ ಮನಸ್ಸಿಗೆ ಬಂದ ಹೆಸರು ಕರೆಯುತ್ತದೆ, ಹದಿನೈದು ನಿಮಿಷದಲ್ಲಿ ಬಂದು ಹೆಬ್ಬೆಟ್ಟು ಒತ್ತದಿದ್ದರೆ ಎಂಟು ದಿನ ಹೊರಗೆ, ಎರಡನೇ ಸಲವಾದರೆ ಹೆಸರೇ ಇಲ್ಲ. ಹನ್ನೊಂದು ಗಂಟೆಗೆ ಮೇಲಿನ ಸ್ಪೀಕರ್ ಭೋಂಗಾದಲ್ಲಿ ಮೊದಲು ಬಂದ ಹೆಸರು ಸಿದ್ರಾಮ್. ಸಿದ್ರಾಮ ಹೆಗಲ ಮೇಲಿದ್ದ ಚೀಲವನ್ನು ಅಲ್ಲೇ ಕೆಡವಿ ಗೇಟಿಗೆ ಓಡಿದ. ಟಯರಿನ ಮೇಲೆ ಯಾರೂ ಇರಲಿಲ್ಲ. ಒಳಗೆ ಓಡಿದ, ಹೊರಗೆ ಓಡಿದ. ಹದಿನೈದು ನಿಮಿಷ ಮುಗಿಯಿತು. ತಾಯಿಯನ್ನು ಮಣ್ಣು ಮಾಡಿ ಬಂದ ದಿನವೂ ಅವನು ಹಾಗೆ ತಲೆ ಹಿಡಿದುಕೊಂಡು ಕೂತಿರಲಿಲ್ಲ ಎಂದು ಆಮೇಲೆ ಮಾನಪ್ಪ ಹೇಳಿದ.

ಹನ್ನೆರಡೂವರೆಗೆ ಅಂಬಾದಾಸ ರಸ್ತೆ ದಾಟಿ ಬರುವುದನ್ನು ಕಂಡವನೇ ಸಿದ್ರಾಮ ಎದ್ದ. ಅಂಬಾದಾಸ ಬಾಯಿ ತೆರೆಯುವ ಮೊದಲೇ ಹೊಟ್ಟೆಗೆ ಒದೆ ಬಿತ್ತು. ಬಗ್ಗಿದವನ ಬೆನ್ನಿಗೆ ಮೊಣಕೈ ಬಿತ್ತು. ಸಿದ್ರಾಮ ಅವನ ಕೂದಲು ಹಿಡಿದು ಗೇಟಿನ ಕಂಬಕ್ಕೆ ಎರಡು ಸಲ ಗುದ್ದಿದ, ಮೂಗು ಒಡೆಯಿತು. ಟೋಳಿಯವರು ಓಡಿ ಬಂದರು, ಆದರೆ ಸಿದ್ರಾಮನ ಕೈಯಲ್ಲಿ ಚೀಲ ಎಳೆಯುವ ಕಬ್ಬಿಣದ ಕೊಕ್ಕೆ ಇತ್ತು, ಹತ್ತಿರ ಹೋಗುವವರಿಲ್ಲ. ಅಂಬಾದಾಸನ ಬಲಗೈಯನ್ನು ಕಲ್ಲಿನ ಕಟ್ಟೆಯ ಮೇಲೆ ಒತ್ತಿ, ಮಣಿಕಟ್ಟಿನ ಮೇಲೆ ಮೊಣಕಾಲೂರಿ, ಸಿದ್ರಾಮ ಕೊಕ್ಕೆ ಎತ್ತಿದ.

"ಕೊಯ್ಕೋ ಮಾಮಾ" ಎಂದ ಅಂಬಾದಾಸ. ಮೂಗಿನ ರಕ್ತ ಬಾಯಿಗೆ ಇಳಿಯುತ್ತಿತ್ತು. "ನಿಂದೇ ಅದು. ನಂದ್ಯಾವ ಬೆಟ್ಟೂ ಇಲ್ಲ. ರಬಾಳಿಗಿ ಹೋಗಿದ್ದೆ, ಅಲ್ಲೂ ನಾ ನೀನೇ ಅಂತ. ಕೊಯ್ಕೊಂಡ ಹೋಗಿ ಹಚ್ಚಿಕೋ."

ಎತ್ತಿದ ಕೈ ಎತ್ತಿದಂತೆಯೇ ನಿಂತಿತು. ಆ ಬೆರಳಿನ ಉಗುರಿನ ಬುಡದಲ್ಲಿ ತನ್ನದೇ ಹಲ್ಲಿನ ಕಲೆ ಸಿದ್ರಾಮನಿಗೆ ಕಂಡಿರಬೇಕು. ಅವನು ಮೊಣಕಾಲು ತೆಗೆದ. ಯಾರ ಕಡೆಯೂ ನೋಡದೆ ನೇರ ಆಫೀಸಿನೊಳಗೆ ನಡೆದ.

ಮೊದಲ ಏಟಿಗೆ ಸ್ಕ್ರೀನ್ ಸೀಳಿತು, ಎರಡನೆಯದಕ್ಕೆ ಕ್ಯಾಮೆರಾ ಕಿತ್ತುಬಂತು. ಮೇಜಿನ ಕೆಳಗಿದ್ದ ದೊಡ್ಡ ಡಬ್ಬವನ್ನು ಹೊರಗೆಳೆದು ಕೊಕ್ಕೆಯಿಂದ ಬಡಿಯತೊಡಗಿದ. ತಗಡು ಹರಿಯಿತು, ಹಸಿರು ಹಲಗೆಗಳು ಚೂರಾದವು, ಸಣ್ಣ ಫ್ಯಾನೊಂದು ಇನ್ನೂ ತಿರುಗುತ್ತಿತ್ತು, ಅದನ್ನೂ ಬಡಿದ. ಪ್ರತಿ ಏಟಿಗೂ ಸಿದ್ರಾಮ, ಸಿದ್ರಾಮ ಎಂದು ತನ್ನ ಹೆಸರನ್ನೇ ಹೇಳುತ್ತಿದ್ದ. ಯಶ್ವಂತ್ ಓಡಿಹೋಗಬಹುದಿತ್ತು. ಓಡುವ ಬದಲು, ಏನು ಬುದ್ಧಿಯೋ, ಹೆಬ್ಬೆಟ್ಟಿನ ಪೆಟ್ಟಿಗೆಯ ಮೇಲೆ ಕೈ ಅಡ್ಡ ಇಟ್ಟ. ಕೊಕ್ಕೆ ಅವನ ಮುಂಗೈಯ ಮಾಂಸಕ್ಕೆ ಇಳಿದು, ಎಳೆದಾಗ ಮೊಣಕೈವರೆಗೆ ಹರಿಯಿತು. ಯಾವತ್ತೂ ಹಿಂದಿ ಬಿಟ್ಟು ಬೇರೆ ಆಡದ ಹುಡುಗನ ಬಾಯಿಂದ "ಅಪ್ಪೇ" ಎಂದು ತುಳು ಹೊರಟಿತು, ತಾಯಿಯನ್ನು ಕರೆದ. ಸಿದ್ರಾಮ ಆಗ ನಿಂತ.

"ಸಿದ್ರಾಮಾ, ಬ್ಯಾಡೋ ಸಿದ್ರಾಮಾ" ಎಂದು ಮಾನಪ್ಪ ಬಾಗಿಲಿನಿಂದ ಕೂಗುತ್ತಲೇ ಇದ್ದ. ಪಾಪ, ಉಳಿಸಲೆಂದು ಕೂಗಿದ. ಗೋದಾಮಿನ ಅರ್ಧ ಮಂದಿಯ ಕಿವಿಯಲ್ಲಿ ಉಳಿದದ್ದು ಆ ಹೆಸರೊಂದೇ. ಸಿದ್ರಾಮ ಕೊಕ್ಕೆ ಎಸೆದು ಹಿಂಬದಿಯ ಗೋಡೆ ಹಾರಿ ಓಡಿದ. ಯಶ್ವಂತನನ್ನು ಟೆಂಪೋದಲ್ಲಿ ಆಸ್ಪತ್ರೆಗೆ ಒಯ್ದರು. ಸೀಟಿನ ಮೇಲೆ ಮಲಗಿದ್ದ ಅವನು, "ಅವನಿಗೆ ಎಂತ ಆಯ್ತು? ನಾನು ಎಂತ ಮಾಡಿದ್ದೆ ಅವನಿಗೆ?" ಎಂದು ಕನ್ನಡದಲ್ಲಿ ಕೇಳುತ್ತಿದ್ದನಂತೆ.

ಮೂರು ಗಂಟೆಗೆ ಹೊಸ ಕಂಪ್ಯೂಟರ್ ಬಂತು. ಇದು ಟೋಳಿಯ ಮಂದಿಗೆ ಅರ್ಥವಾಗದ ಸಂಗತಿ. ಡಬ್ಬ ಒಡೆದರೆ ಒಳಗಿನದೆಲ್ಲ ಚೆಲ್ಲಿಹೋಯಿತು, ನಾಳೆಯಿಂದ ಮತ್ತೆ ಮಾನಪ್ಪ ಹೆಸರು ಕರೆಯುತ್ತಾನೆ ಎಂದು ಗುರುವಪ್ಪ ಮೆಲ್ಲಗೆ ಖುಷಿಪಟ್ಟಿದ್ದ. ಆ ದಿನದ ಗಲಾಟೆಯ ಕ್ಯಾಮೆರಾ ಚಿತ್ರವೇನೋ ಆ ಡಬ್ಬದಲ್ಲೇ ಇತ್ತು, ಚೂರಾಯಿತು. ಹೆಸರು, ಬೆರಳು, ಫೋಟೋಗಳು ಮಾತ್ರ ಬೇರೆಲ್ಲೋ ಇದ್ದವು. ಹೊಸದನ್ನು ಇಟ್ಟು ವಯರ್ ಚುಚ್ಚಿದ ಐದು ನಿಮಿಷಕ್ಕೆ ಹದಿನಾಲ್ಕು ಹೆಸರೂ ಬಂದು ಸಾಲಾಗಿ ಕೂತವು.

ನಾಲ್ಕಕ್ಕೆ ಪೊಲೀಸ್ ಜೀಪು ಬಂತು. ಹವಾಲ್ದಾರ ಟೋಳಿಯನ್ನು ಗೇಟಿನ ಬಳಿ ಸಾಲಾಗಿ ಕೂರಿಸಿದ. ಮ್ಯಾನೇಜರ್ ಸಿದ್ರಾಮನ ಹೆಸರಿನ ಕಾಗದವನ್ನು ಪ್ರಿಂಟ್ ತೆಗೆದುಕೊಟ್ಟ, ಫೋಟೋ ಸಮೇತ. ಫೋಟೋದಲ್ಲಿ ಸಣ್ಣಗೆ ನಗುತ್ತಿರುವ ಅಂಬಾದಾಸ. ಹವಾಲ್ದಾರನಿಗೆ ಫೋಟೋ ನೋಡುವ ವ್ಯವಧಾನವೂ ಇರಲಿಲ್ಲ. "ಸಿದ್ರಾಮ್ ಕೋಣ್?" ಎಂದು ಮರಾಠಿಯಲ್ಲಿ ಕೇಳಿ ಲಾಠಿಯಿಂದ ನೆಲ ಕುಟ್ಟಿದ.

ಹವಾಲ್ದಾರ ಮಾನಪ್ಪನ ಮುಂದೆ ಬಂದು ನಿಂತ. ಮಾನಪ್ಪ ತಲೆಯೆತ್ತಲಿಲ್ಲ. ಲಾಠಿ ಮುದುಕನ ಭುಜದ ಮೇಲೆ ಬಿತ್ತು, ಒಂದು, ಎರಡು. ಮುದುಕ ಪಕ್ಕಕ್ಕೆ ವಾಲಿದ. "ಸಿದ್ರಾಮ್ ಕೋಣ್?" ಎಂದು ಮತ್ತೆ ಕೇಳಿ, ಇಲ್ಲವಾದರೆ ಎಲ್ಲರನ್ನೂ ಎತ್ತಿಹಾಕುತ್ತೇನೆ ಎಂದ.

ಅಂಬಾದಾಸ, "ಹೂಂ" ಎಂದ.

ಪ್ರೀತಿಯಿಂದ ಎಂದನೋ, ರೂಢಿಯಿಂದ ಎಂದನೋ, ಮುದುಕನಿಗೆ ಬೀಳುವ ಏಟು ನೋಡಲಾರದೆ ಎಂದನೋ, ಅವನಿಗೇ ತಿಳಿಯಲಿಲ್ಲ. ಹೆಸರು ಕರೆದರು, ಖಾಲಿ ಇತ್ತು, ಬಾಯಿ ತೆರೆಯಿತು. ಹವಾಲ್ದಾರ ಫೋಟೋ ನೋಡಿದ, ಮುಖ ನೋಡಿದ, ತಾಳೆಯಾಯಿತು. ಇಬ್ಬರು ಪೇದೆಗಳು ಅವನನ್ನು ಎಳೆದು ಮಧ್ಯದಲ್ಲಿ ನಿಲ್ಲಿಸಿ ಹೊಡೆಯತೊಡಗಿದರು. ತೊಡೆಗೆ, ಮೀನಖಂಡಕ್ಕೆ, ಬೆನ್ನಿಗೆ. ಬಿದ್ದರೆ ಎತ್ತಿ ನಿಲ್ಲಿಸಿ ಹೊಡೆದರು. ಒಡೆದ ಮೂಗಿನಿಂದ ಮತ್ತೆ ರಕ್ತ ಸುರಿಯಿತು. ಹುಡುಗನ ಕೈ ಹರಿದಿದ್ದೀಯಲ್ಲ ಎಂದು ಒಬ್ಬ ಅವನ ಬಲಗೈಯನ್ನು ಬೂಟಿನಿಂದ ತುಳಿದ.

ಅಷ್ಟರಲ್ಲಿ ದಾನಮ್ಮ ಬಂದಳು. ಒಬ್ಬಳೇ ಅಲ್ಲ. ಸುದ್ದಿ ಫೋನಿನಲ್ಲಿ ಮುಟ್ಟಿದಾಗ ಗಂಡ ಖೋಲಿಯ ಬಚ್ಚಲ ಮೋರಿಯಲ್ಲಿ ಕೂತು ಅಂಗಿಯ ರಕ್ತ ತೊಳೆಯುತ್ತಿದ್ದ. ಅವಳು ಅವನ ಕುತ್ತಿಗೆಪಟ್ಟಿ ಹಿಡಿದು ಎಬ್ಬಿಸಿ ರಿಕ್ಷಾಕ್ಕೆ ಹಾಕಿ ತಂದಿದ್ದಳು. ಈಗ ಗುಂಪಿನ ನಡುವೆ ಅವನನ್ನು ಮುಂದಕ್ಕೆ ನೂಕಿ, "ಇಂವ ನೋಡ್ರಿ ಹೊಡದಾಂವ, ನನ್ನ ಗಂಡ. ಆ ಹುಡುಗ ನನ್ನ ತಮ್ಮ, ಅಂವ ಏನೂ ಮಾಡಿಲ್ಲ" ಎಂದು ಕನ್ನಡದಲ್ಲಿ, ಮರಾಠಿಯಲ್ಲಿ, ಬಂದ ಭಾಷೆಯಲ್ಲೆಲ್ಲ ಹೇಳಿದಳು. ಗಂಡನನ್ನು ತಾನೇ ಕೈಯಾರೆ ಪೊಲೀಸರಿಗೆ ಒಪ್ಪಿಸುವಾಗ ಅವಳ ದನಿ ನಡುಗಲಿಲ್ಲ, ಕಣ್ಣಿಂದ ಮಾತ್ರ ನೀರು ಧಾರೆಯಾಗಿ ಇಳಿಯುತ್ತಿತ್ತು.

"ಮೈ ಸಿದ್ರಾಮ್" ಎಂದ ಸಿದ್ರಾಮ ಎದೆಗೆ ಕೈಯಿಟ್ಟು. "ಮೈನೇ ಮಾರಾ ಸಾಬ್. ಉಸ್ಕೋ ಛೋಡೋ."

ಟೋಳಿಯ ಯಾರೂ ಸಾಕ್ಷಿಗೆ ಏಳಲಿಲ್ಲ, ಎದ್ದರೆ ಫ್ರಾಡ್ ಬಯಲಾಗಿ ಹದಿಮೂರು ಒಲೆ ಆರುತ್ತಿದ್ದವು. ಹವಾಲ್ದಾರ ಮ್ಯಾನೇಜರನ ಕಡೆ ನೋಡಿದ. ಮ್ಯಾನೇಜರ್ ಭುಜ ಕುಣಿಸಿ, ಹೊಸ ಪೆಟ್ಟಿಗೆ ತೋರಿಸಿದ. ಸಿದ್ರಾಮ ಓಡಿಹೋಗಿ ಹೆಬ್ಬೆಟ್ಟು ಒತ್ತಿದ. ಕೆಂಪು. ಬೆರಳನ್ನು ನಾಲಿಗೆಗೆ ಮುಟ್ಟಿಸಿ ಒತ್ತಿದ. ಕೆಂಪು. ಎಡಗೈ, ಬಲಗೈ, ಹತ್ತೂ ಬೆರಳುಗಳನ್ನು ಒಂದೊಂದಾಗಿ ಒತ್ತಿದ. ಹತ್ತೂ ಕೆಂಪು. ಮಾಡಿದ್ದುಣ್ಣೋ ಮಹಾರಾಯ ಎನ್ನುತ್ತಾರೆ, ಇಲ್ಲಿ ಮಾಡಿದವನು ಉಣ್ಣುತ್ತೇನೆ ಎಂದು ತಾಟಿನ ಮುಂದೆ ಕೂತರೂ ಬಡಿಸುವವರಿಲ್ಲ. ಪೇದೆಗಳು ಅಂಬಾದಾಸನನ್ನು ತೋಳು ಹಿಡಿದು ಎಳೆದುತಂದು, ತುಳಿದ ಕೈಯ ಬೆರಳನ್ನು ಅಂಗಿಗೆ ಒರೆಸಿ ಪೆಟ್ಟಿಗೆಯ ಮೇಲೆ ಇಟ್ಟರು.

"ಧನ್ಯವಾದ್, ಸಿದ್ರಾಮ್."

ಹವಾಲ್ದಾರ ನಕ್ಕ. ಭಾವಮೈದುನನನ್ನು ಉಳಿಸಲು ನಾಟಕ ಆಡುತ್ತೀಯಾ ಎಂದು ಸಿದ್ರಾಮನ ಎದೆಗೆ ಲಾಠಿಯಿಟ್ಟು ತಳ್ಳಿದ. ಸಿದ್ರಾಮ ಮತ್ತೆ ಬಂದ. ಮತ್ತೆ ತಳ್ಳಿದರು. ಮೂರನೇ ಸಲ ಅವನು ಪೇದೆಯ ಅಂಗಿ ಹಿಡಿದು ಜಗ್ಗಿದಾಗ ಇಬ್ಬರೂ ಸೇರಿ ಅವನನ್ನು ನೆಲಕ್ಕೆ ಕೆಡವಿ ಪಕ್ಕೆಗೆ ಒದ್ದರು, ಆದರೆ ಹಿಡಿದುಕೊಂಡು ಹೋಗಲಿಲ್ಲ. ಕಾಗದದ ಪ್ರಕಾರ ಅವರಿಗೆ ಬೇಕಾದವನು ಅವನಾಗಿರಲಿಲ್ಲ. ದಾನಮ್ಮ ಇಬ್ಬರ ನಡುವೆ ಓಡಾಡಿ ಕೊನೆಗೆ ನೆಲದ ಮೇಲೆ ಕೂತುಬಿಟ್ಟಳು. ಇಡೀ ಮನುಷ್ಯ ಒಬ್ಬ ಬೇಕು ಎಂದವಳಿಗೆ ಒಬ್ಬನೂ ಉಳಿಯಲಿಲ್ಲ.

ಜೀಪು ಹೊರಟಿತು. ಅಂಬಾದಾಸ ಹಿಂದಿನ ಸೀಟಿನ ಕೆಳಗೆ, ಪೇದೆಗಳ ಕಾಲ ಬಳಿ ಮುದುಡಿ ಕೂತಿದ್ದ. ಬಲಗೈ ಊದಿಕೊಂಡು ಬೆರಳು ಮಡಚಲು ಬರುತ್ತಿರಲಿಲ್ಲ. ಹಿಂದೆ ತೆರೆದ ಬಾಗಿಲಿನಿಂದ ಸಿದ್ರಾಮ ಓಡಿಬರುವುದು ಕಾಣುತ್ತಿತ್ತು. ಪಕ್ಕೆ ಹಿಡಿದುಕೊಂಡು, ಕುಂಟುತ್ತ, ಲಾರಿಗಳ ನಡುವೆ ದಾರಿ ಮಾಡಿಕೊಂಡು, "ನಾ ಸಿದ್ರಾಮ, ನಾನ ಸಿದ್ರಾಮ" ಎಂದು ಕೂಗುತ್ತ ಓಡುತ್ತಿದ್ದ. ಸಿಗ್ನಲ್ಲಿನಲ್ಲಿ ಜೀಪು ನಿಂತಾಗ ಹತ್ತಿರ ಬಂದು ಬಾಗಿಲಿನ ಸರಳು ಹಿಡಿದ. ಪೇದೆ ಅವನ ಬೆರಳುಗಳ ಮೇಲೆ ಲಾಠಿಯಿಂದ ಹೊಡೆದ, ಕೈ ಜಾರಿತು.

"ಕೌನ್ ಹೈ ರೇ ಯೇ ಪಾಗಲ್?" ಎಂದು ಮುಂದೆ ಕೂತಿದ್ದ ಹವಾಲ್ದಾರ ಕೇಳಿದ.

ಅಂಬಾದಾಸ ಮಾಮನ ಮುಖ ನೋಡಿದ. ಸತ್ಯ ಹೇಳಿದರೆ ಯಾರೂ ನಂಬುವುದಿಲ್ಲ ಎಂದು ಅವನಿಗೆ ಈಗ ಗೊತ್ತಿತ್ತು. ಕಪಾಳದ ಏಟು, ಬೇಳೆಯ ತಾಟು, ಟಯರಿನ ಮೇಲೆ ಕೂತ ಏಳು ವಾರ ಎಲ್ಲ ನೆನಪಿಗೆ ಬಂತು. ಕಟ್ಟೆಯ ಮೇಲೆ ಎತ್ತಿ ನಿಂತ ಆ ಕೊಕ್ಕೆಯೂ ನೆನಪಿಗೆ ಬಂತು. ಅವನು ರಕ್ತ ನುಂಗಿ ಹೇಳಿದ.

"ವೋ ಅಂಬಾದಾಸ್ ಹೈ ಸಾಬ್. ಬದಲಿ ಆದ್ಮಿ."

ಹವಾಲ್ದಾರ ಹಿಂದಕ್ಕೆ ತಿರುಗಿಯೂ ನೋಡಲಿಲ್ಲ. ಸಿಗ್ನಲ್ ಬಿಟ್ಟಿತು, ಜೀಪು ಮುಂದೆ ಹೋಯಿತು.